ಕೆಮ್ಮು ತಾತ, ಕೆಮ್ಮು!

ಜಠರದ ಒಂದು ಭಾಗ ತೆಗೆಯಬೇಕೆಂದು ಗೊತ್ತಾದಾಗ ನನಗೆ 73. ಮೈಸೂರಿನ ಆಸ್ಪತ್ರೆಯಲ್ಲಿ ಹೊಟ್ಟೆಯ ವಿಚಾರ ಬೇಗ ಮುಗಿಯಿತು. ಉಳಿದದ್ದೆಲ್ಲ ಶ್ವಾಸಕೋಶದ ವಿಚಾರಣೆ. ಬೀಡಿ, ಸಿಗರೇಟು ಉಂಟೆ? ಮೆಟ್ಟಿಲು ಹತ್ತಿದರೆ ಏದುಸಿರೆ? ತೂಕ ಇಳಿದಿದೆಯೆ? ಶ್ರೀರಂಗಪಟ್ಟಣದಿಂದ ಜೊತೆಗೆ ಬಂದಿದ್ದ ನನ್ನಾಕೆ, “ಇವರು ಹೊಟ್ಟೆ ಡಾಕ್ಟರೋ, ಎದೆ ಡಾಕ್ಟರೋ?” ಎಂದು ಪಿಸುಗುಟ್ಟಿದಳು.

ಅರಿವಳಿಕೆ ವೈದ್ಯೆ ಬಿಡಿಸಿ ಹೇಳಿದರು. ಹೊಟ್ಟೆಯ ಮೇಲ್ಭಾಗದಲ್ಲಿ, ಉಸಿರಾಟದ ಸ್ನಾಯುವಾದ ವಪೆಯ ಹತ್ತಿರ ಕೊಯ್ದರೆ ತೊಂದರೆ ಹೆಚ್ಚು. ನೋವಿಗೆ ಹೆದರಿ ರೋಗಿ ಅರ್ಧ ಉಸಿರಷ್ಟೇ ಎಳೆಯುತ್ತಾನೆ, ಕೆಮ್ಮುವುದೇ ಇಲ್ಲ. ಶ್ವಾಸಕೋಶದ ಅಡಿಭಾಗದ ಗಾಳಿಗೂಡುಗಳು ಮುದುಡಿ, ಕಫ ನಿಂತು, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ವಯಸ್ಸು, ಧೂಮಪಾನ, ಹಳೆಯ ಉಬ್ಬಸ, ಸೊರಗಿದ ಮೈ, ಮೂರು ಗಂಟೆ ಮೀರುವ ಶಸ್ತ್ರಕ್ರಿಯೆ ಎಲ್ಲವೂ ಅಪಾಯ ಹೆಚ್ಚಿಸುತ್ತವೆ. ತುರ್ತು ಶಸ್ತ್ರಕ್ರಿಯೆಯಂತೂ ಇನ್ನೂ ಕಷ್ಟ. ಬೀಡಿ ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕಂತೆ. ನನಗೆ ಆ ಚಟವಿಲ್ಲ, ವಯಸ್ಸೊಂದನ್ನು ಬಿಡುವಂತಿರಲಿಲ್ಲ!

ಮೂರು ಗುಂಡುಗಳ ಪ್ಲಾಸ್ಟಿಕ್ ಉಪಕರಣವೊಂದನ್ನು ಕೊಟ್ಟರು. ನಳಿಕೆಯಲ್ಲಿ ನಿಧಾನವಾಗಿ ಉಸಿರೆಳೆದರೆ ಗುಂಡು ಮೇಲೇಳುತ್ತದೆ. ಎರಡು ವಾರ ಮೊಮ್ಮಗ ಎದುರು ಕೂತು ಲೆಕ್ಕ ಇಟ್ಟ. ಅವನ ಲೆಕ್ಕ ಬ್ಯಾಂಕಿನ ಇನ್‌ಸ್ಪೆಕ್ಟರರಿಗಿಂತ ಬಿಗಿ.

ಆಪರೇಷನ್ ಆದ ಮಾರನೆಯ ದಿನ ನೆಂಟರು ಬಂದರು. ಕೆ.ಆರ್. ಪೇಟೆಯ ಅಕ್ಕ, “ಮಗ್ಗುಲೂ ಹೊರಳಬೇಡ” ಎಂದಳು. ನಾಗಮಂಗಲದ ಭಾವ, “ಕೆಮ್ಮಿದರೆ ಹೊಲಿಗೆ ಬಿಚ್ಚುತ್ತೆ” ಎಂದರು. ಅಷ್ಟರಲ್ಲಿ ನರ್ಸ್ ಬಂದು ಹೊಟ್ಟೆಗೆ ದಿಂಬು ಒತ್ತಿ ಹಿಡಿಸಿ, ಕುರ್ಚಿಯಲ್ಲಿ ಕೂರಿಸಿ, “ಕೆಮ್ಮು ತಾತ, ಕೆಮ್ಮು!” ಎಂದಳು. ಜೀವ ಹೋದಂತಾಯಿತು. ಹೊಲಿಗೆ ಬಿಚ್ಚಲಿಲ್ಲ.

ಪಕ್ಕದ ಹಾಸಿಗೆಗೆ ಪಾಂಡವಪುರದ ಕಡೆಯ ಒಬ್ಬರು ಬಂದರು. ಆಲೆಮನೆಯಲ್ಲಿ ಒಲೆ ಉರಿಸುತ್ತಿದ್ದವರು; ಹಗಲೆಲ್ಲ ಹೊಗೆ, ಬಿಡುವಾದಾಗ ಬೀಡಿ. ಜಠರದ ಹುಣ್ಣು ತೂತಾಗಿ ರಾತ್ರೋರಾತ್ರಿ ಶಸ್ತ್ರಕ್ರಿಯೆಯಾಗಿತ್ತು. ಬೀಡಿ ಬಿಡಲು ನಾಲ್ಕು ವಾರವೆಲ್ಲಿ, ಗುಂಡು ಏಳಿಸಿ ಅಭ್ಯಾಸ ಮಾಡಲು ನಾಲ್ಕು ಗಂಟೆಯೂ ಇರಲಿಲ್ಲ. ನರ್ಸ್ ಎಬ್ಬಿಸಲು ಬಂದಾಗಲೆಲ್ಲ ಮಕ್ಕಳು, “ಪಾಪ, ಮಲಗಲಿ” ಎನ್ನುತ್ತಿದ್ದರು. ಮೂರನೆಯ ದಿನ ಜ್ವರ, ಗೊರಗೊರ ಉಸಿರು. ತೀವ್ರ ನಿಗಾ ಘಟಕಕ್ಕೆ ಒಯ್ದರು.

ನಾನು ಮನೆಗೆ ಹೊರಡುವ ದಿನ ಅವರು ವಾರ್ಡಿಗೆ ಮರಳಿದ್ದರು. ಹೆಂಡತಿ ಬೆನ್ನಿಗೆ ಕೈಯಾನಿಸಿ ಕೂರಿಸಿದ್ದರು. ಕಿರಿಯ ಮಗ ಉಪಕರಣ ಹಿಡಿದಿದ್ದ. ಮೊದಲ ಗುಂಡು ಅಲುಗಾಡಿತು, ಅರ್ಧ ಏರಿತು, ಬಿತ್ತು. “ಇನ್ನೊಂದ್ಸಲ ಅಪ್ಪ” ಎಂದ ಹುಡುಗ.