ಸಾವಕಾಶ ಹೇಳವ್ವಾ

ಕರ್ನಾಟಕದೊಳಗೆ ಮಕ್ಕಳಿಗಾಗಿ ಟೀವಿ ಮೊದಲು ಬಂದದ್ದು ಬೆಂಗಳೂರಿಗಲ್ಲ. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿ ಶಾಲೆಗಳಿಗೆ. ಇದನ್ನು ಹೇಳಿದರೆ ನಮ್ಮ ಕಡೆಯವರೇ ನಂಬುವುದಿಲ್ಲ. 'ಎಲ್ಲಾ ಕಡೀಗೆ ಬರೋದು ನಮಗ, ಮೊದಲು ಹೆಂಗ ಬಂತ್ರೀ?' ಅನ್ನುತ್ತಾರೆ. ಆಗ ಕೊಪ್ಪಳ ಜಿಲ್ಲೆಯೇ ಇರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ನಾವು ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಅದು 'ಸೈಟ್' ಎಂಬ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ ನಡೆಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಎರವಲು ಕೊಟ್ಟಿತ್ತು, ಇಸ್ರೋ ಮತ್ತು ಆಕಾಶವಾಣಿ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ಇಟ್ಟವು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿಯೇ ಆಂಟೆನಾ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ತಾಸು ಪ್ರಸಾರ. ಅದನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡಕ್ಕೆ ಹಂಚಿದರೆ ನಮ್ಮ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು.

ನನ್ನ ಸೋದರಮಾವ ಆಗ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾಲ್ಕನೇ ಇಯತ್ತೆ. ಟೀವಿಯಲ್ಲಿ ಏನು ಕಲಿಸಿದರು ಎಂಬುದು ಅವರಿಗೆ ನೆನಪಿಲ್ಲ. ನೆನಪಿರುವುದು ಒಂದೇ: 'ಟೀವಿಯೊಳಗಿನ ಅಕ್ಕ ಏನರ ಕೇಳಿದ್ಲಂದ್ರ ನಾವೆಲ್ಲಾ ಕೂಡಿ ಒದರತಿದ್ವಿ. ಆಕಿಗೆ ಕೇಳಸ್ತೈತಿ ಅಂತನ ತಿಳದಿದ್ವಿ.'

ಮಕ್ಕಳ ಟೀವಿಯಲ್ಲಿ ನಿಂತು ಮಾತಾಡುವವರ ಕಷ್ಟವೆಲ್ಲ ಈ ಮಾತಿನಲ್ಲಿದೆ ಅನ್ನಿಸುತ್ತದೆ. ಅಕ್ಕನ ಮಾತು ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಹೋಗಿ ಅಷ್ಟೇ ದೂರ ಇಳಿದು ಮಾವನ ಶಾಲೆಗೆ ಬರುತ್ತಿತ್ತು. ಮಾವ ಒದರಿದ್ದು ಮಾತ್ರ ಶಾಲೆಯ ಗೋಡೆ ದಾಟುತ್ತಿರಲಿಲ್ಲ. ನಾಟಕದವನಿಗೆ ಎದುರಿಗೆ ಜನ ಇರುತ್ತಾರೆ, ಮೇಷ್ಟ್ರಿಗೆ ಮಕ್ಕಳ ಮುಖ ಇರುತ್ತದೆ. ಮಕ್ಕಳ ಕಾರ್ಯಕ್ರಮದ ನಿರೂಪಕಿಗೆ ಇರುವುದು ಗಾಜಿನ ಒಂದು ಕಣ್ಣು. ಅದನ್ನು ನೋಡುತ್ತಾ ಆಕೆ ಪ್ರಶ್ನೆ ಕೇಳಬೇಕು, ಕೇಳಿದ ಮೇಲೆ ಎಲ್ಲೋ ಒಂದು ಮಗು ಉತ್ತರ ಹೇಳುತ್ತಿದೆ ಎಂದು ನಂಬಿ ಸುಮ್ಮನಿರಬೇಕು. ಆ ಸುಮ್ಮನಿರುವಷ್ಟು ಹೊತ್ತೇ ಮಗುವಿನ ಪಾಲು.

ಇದನ್ನು ಬದುಕಿಡೀ ಮಾಡಿದ ಒಬ್ಬರು ಅಮೆರಿಕದಲ್ಲಿದ್ದರು, ಫ್ರೆಡ್ ರೋಜರ್ಸ್. 1968ರಿಂದ 2001ರವರೆಗೆ ಅಲ್ಲಿನ ಸಾರ್ವಜನಿಕ ಟೀವಿಯಲ್ಲಿ ಚಿಕ್ಕ ಮಕ್ಕಳಿಗೆ ಕಾರ್ಯಕ್ರಮ ನಡೆಸಿದರು. ಅವರ ಸೆಟ್ಟಿನಲ್ಲಿ ಮೀನಿನ ತೊಟ್ಟಿ ಇತ್ತು. ಅವರು ಮೀನಿಗೆ ಕಾಳು ಹಾಕುವುದು ಕಣ್ಣು ಕಾಣದ ಒಂದು ಹುಡುಗಿಗೆ ತಿಳಿಯುತ್ತಿರಲಿಲ್ಲ, ಪಾಪ ಮೀನುಗಳು ಉಪವಾಸ ಇವೆಯೇನೋ ಎಂದು ಆಕೆಗೆ ಚಿಂತೆ. ಆಕೆಯ ಕಡೆಯಿಂದ ಪತ್ರ ಬಂದ ಮೇಲೆ ರೋಜರ್ಸ್ ಕಾಳು ಹಾಕುವಾಗ 'ಈಗ ಮೀನಿಗೆ ಊಟ ಹಾಕುತ್ತಿದ್ದೇನೆ' ಎಂದು ಬಾಯಿಬಿಟ್ಟು ಹೇಳತೊಡಗಿದರು. ಲಕ್ಷಾಂತರ ಮಕ್ಕಳು ನೋಡುವ ಕಾರ್ಯಕ್ರಮದಲ್ಲಿ ಒಂದು ಮಗುವಿಗಾಗಿ ಒಂದು ವಾಕ್ಯ.

ನಾನು ಕುಷ್ಟಗಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ನಮ್ಮ ಐದನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ದೊಡ್ಡವಳಾದ ಮೇಲೆ ಏನಾಗುತ್ತೀ ಅಂದರೆ ಉಳಿದವರು ಪೊಲೀಸ್, ಡಾಕ್ಟರ್, ನರ್ಸ್ ಅನ್ನುತ್ತಾರೆ. ಈಕೆ 'ಟೀವಿಯೊಳಗ ಹುಡುಗರಿಗೆ ಪ್ರಶ್ನಿ ಕೇಳಾಕಿ ಆಗ್ತೀನ್ರೀ' ಅಂದಳು. ಯಾಕೆ ಅಂದೆ. ಯಾವುದೋ ವಾಹಿನಿಯಲ್ಲಿ ಮಕ್ಕಳ ಕಾರ್ಯಕ್ರಮ ನೋಡುತ್ತಾಳಂತೆ. 'ಅಕ್ಕೋರs, ಆಕಿ ಕೇಳ್ತಾಳ, ನಂಗ ಉತ್ತರ ಗೊತ್ತಿರ್ತೈತಿ. ನಾ ಹೇಳೋದ್ರಾಗ ಆಕೀನ ಹೇಳಿಬಿಡ್ತಾಳ. ನಾ ಆದ್ರ ನಿಂದರತೀನಿ.'

ನಿಂದರತೀನಿ. ಅಂದರೆ ತಡೆದು ನಿಲ್ಲುತ್ತೇನೆ. ಹತ್ತು ವರ್ಷದ ಹುಡುಗಿ ಈ ಕಸುಬಿನ ಗುಟ್ಟನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು.

ನಮ್ಮ ಮಕ್ಕಳಿಗೆ ಈ ತಡೆ ಉಳಿದವರಿಗಿಂತ ಒಂದು ಗುಟುಕು ಹೆಚ್ಚೇ ಬೇಕು. 'ಇರುವೆಗಳು ಆಹಾರವನ್ನು ಎಲ್ಲಿ ಸಂಗ್ರಹಿಸುತ್ತವೆ?' ಎಂದು ಟೀವಿ ಕೇಳುತ್ತದೆ. ಹೊಲದ ಬದುವಿನ ಮೇಲೆ ಇರಿವಿ ಜೋಳದ ನುಚ್ಚು ಹೊತ್ತು ಗೂಡಿಗೆ ಹೋಗುವುದನ್ನು ದಿನವೂ ನೋಡುವ ಹುಡುಗಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ 'ಸಂಗ್ರಹಿಸುತ್ತವೆ' ಎಂಬುದು ಅವಳ ತಲೆಯಲ್ಲಿ 'ಕೂಡಿಡತಾವ' ಆಗಬೇಕು, ಆಮೇಲೆ ಉತ್ತರ ಹೊಳೆಯಬೇಕು, ಹೊಳೆದದ್ದು ಮತ್ತೆ ಪುಸ್ತಕದ ಕನ್ನಡವಾಗಿ ಬಾಯಿಗೆ ಬರಬೇಕು. ಅಷ್ಟರಲ್ಲಿ ಕಾರ್ಯಕ್ರಮ ಜಾಹೀರಾತಿಗೆ ಹೋಗಿರುತ್ತದೆ. ನೋಡಿದವರು ಹುಡುಗಿ ದಡ್ಡಿ ಅನ್ನುತ್ತಾರೆ. ಆಕೆ ಎರಡು ಸಲ ಅನುವಾದ ಮಾಡಿದ್ದು ಯಾರಿಗೂ ಕಾಣುವುದಿಲ್ಲ.

ಕನ್ನಡ ಟೀವಿಯಲ್ಲಿ ಇಂಥ ತಾಳ್ಮೆಯೇ ಇಲ್ಲವೆಂದಲ್ಲ. ನಾ. ಸೋಮೇಶ್ವರರು ಚಂದನದಲ್ಲಿ 2002ರಿಂದ ಸಾವಿರಾರು ಕಂತು ನಡೆಸಿದ ರಸಪ್ರಶ್ನೆಯ ಹೆಸರೇ 'ಥಟ್ ಅಂತ ಹೇಳಿ'. ಹೆಸರಿನಲ್ಲಷ್ಟೇ ಅವಸರ. ವೃತ್ತಿಯಿಂದ ವೈದ್ಯರಾದ ಅವರು ಉತ್ತರ ಬಂದ ಮೇಲೆ ಅದರ ಹಿಂದುಮುಂದನ್ನು ಸಮಾಧಾನವಾಗಿ ಬಿಡಿಸಿ ಹೇಳುವುದು ನನಗೆ ಇಷ್ಟ. ತಪ್ಪು ಹೇಳಿದವರಿಗೂ ಅಲ್ಲಿ ಏನೋ ಸಿಗುತ್ತದೆ. ಗೆದ್ದವರಿಗೆ ಕೊಡುವುದು ಕನ್ನಡ ಪುಸ್ತಕ. 'ಎದೆ ತುಂಬಿ ಹಾಡುವೆನು' ನಡೆಸಿಕೊಟ್ಟ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಹಾಡಿದ ಮಗುವಿನ ತಪ್ಪನ್ನು ತಾವೇ ಹಾಡಿ ತೋರಿಸಿ ತಿದ್ದುತ್ತಿದ್ದರು. 'ಗೌರಿ ಗಣೇಶ'ದ ತುಂಟ ಹುಡುಗ ಮಾಸ್ಟರ್ ಆನಂದ್ ಬೆಳೆದು, 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಡ್ರಾಮಾ ಜೂನಿಯರ್ಸ್'ನ ನಿರೂಪಕರಾದರು. ಬೆಳಕಿನಲ್ಲಿ ನಿಂತ ಮಗುವಿಗೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಅನುಭವಿಸಿ ಬಲ್ಲವರೇ ಮಕ್ಕಳ ಪಕ್ಕದಲ್ಲಿ ನಿಂತದ್ದು ಒಳ್ಳೆಯದೇ ಆಯಿತು.

ಆದರೆ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದ್ದಳು. 'ಅಲ್ಲಿ ನಮ್ಮ ಮಾತು ನಡೀತೈತೇನ್ರೀ?'

ಇದಕ್ಕೆ ಹೌದು ಅನ್ನುವುದು ಸುಲಭ. ಗಂಗಾವತಿ ಪ್ರಾಣೇಶರು ಇದೇ ಮಾತನ್ನು ಹಿಡಿದು ನಾಡೆಲ್ಲ ತಿರುಗಿದ್ದಾರೆ. ಮೈಸೂರಿನವರೂ ಮಂಗಳೂರಿನವರೂ ಅದನ್ನು ಕೇಳಿ ನಕ್ಕಿದ್ದಾರೆ, ನಗುತ್ತಲೇ ಅದರ ಚೂಪನ್ನೂ ಒಪ್ಪಿದ್ದಾರೆ. ನಮ್ಮ ಮಾತು ವೇದಿಕೆಯನ್ನು ತುಂಬಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ನಗಿಸುವುದಕ್ಕೆ ನಡೆಯುವ ಮಾತು, ಚಂದ್ರಗ್ರಹಣ ಹೇಗಾಗುತ್ತದೆ ಎಂದು ಹೇಳುವುದಕ್ಕೂ ನಡೆಯುತ್ತದೆಯೇ? ಸಾಮಾನ್ಯವಾಗಿ ಟೀವಿಯಲ್ಲಿ ನಮ್ಮ ಕಡೆಯ ಮಗು ಬಾಯಿ ತೆರೆದರೆ ಮೊದಲು ನಗು ಏಳುತ್ತದೆ. ಪ್ರೀತಿಯ ನಗುವೇ ಇರಬಹುದು. ಆದರೆ ಮಗು ಹೇಳಿದ್ದು ಏನು ಎಂಬುದು ಆ ನಗುವಿನಲ್ಲಿ ಮುಳುಗಿಹೋಗುತ್ತದೆ. ಹೇಳಿದ್ದಕ್ಕೆ ಮಗು ನಕ್ಕಿರಲಿಲ್ಲ, ಅದು ನಿಜವಾಗಿಯೇ ಉತ್ತರ ಕೊಡುತ್ತಿತ್ತು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಕಸುಬು ಮೇಷ್ಟ್ರುಗಳ ಕೊರಳಿಗೇ ಬಿತ್ತು. ಆ ಜುಲೈನಲ್ಲಿ ಚಂದನದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೇತುಬಂಧ ಪಾಠಗಳು ಶುರುವಾದವು. ಕರಿಹಲಗೆ ಬಿಟ್ಟು ಬೇರೇನೂ ಕಂಡಿರದ ಶಿಕ್ಷಕರು ಕ್ಯಾಮೆರಾ ಎದುರು ನಿಂತರು. ಸ್ಟುಡಿಯೋದಲ್ಲಿ ಖಾಲಿ ನೆಲಕ್ಕೆ ಪಾಠ ಹೇಳುವುದು ಎಂಥ ಕಷ್ಟ ಎಂದು ಹೊರಗಿದ್ದ ನನಗೂ ಊಹಿಸಬಹುದಾಗಿತ್ತು. ಆಗಸ್ಟಿನಲ್ಲಿ ವಿದ್ಯಾಗಮ ಬಂತು, ನಾವೇ ಓಣಿ ಓಣಿಗೆ ಹೋದೆವು. ಗುಡಿಯ ಕಟ್ಟೆಯ ಮೇಲೆ ದೂರ ದೂರ ಕೂತ ಹುಡುಗರ ಬಾಯಿಗೆ ಮಾಸ್ಕು. ಅರ್ಧ ಮುಖವೇ ಕಾಣದು. ಪ್ರಶ್ನೆ ಕೇಳಿ ಕಣ್ಣುಗಳನ್ನೇ ನೋಡುತ್ತಾ ಕಾಯುವುದು ಆಗ ರೂಢಿಯಾಯಿತು. ಬಾಯಿ ಕಾಣದಿದ್ದಾಗ ತಿಳಿಯಿತು, ಉತ್ತರ ಮೊದಲು ಕಣ್ಣಿಗೆ ಬರುತ್ತದೆ, ಆಮೇಲೆ ನಾಲಿಗೆಗೆ. ನಡುವೆ ಸಾಕಷ್ಟು ಹೊತ್ತು ಹಿಡಿಯುತ್ತದೆ.

ನಮ್ಮ ಹುಡುಗಿ ಮುಂದೆ ಏನಾಗುತ್ತಾಳೋ. ಆಕೆಯ ಅವ್ವ ಕೂಲಿಗೆ ಹೋಗುತ್ತಾಳೆ. ಅಪ್ಪ ಕಾಮಗಾರಿ ಹುಡುಕಿಕೊಂಡು ವರ್ಷಕ್ಕೆ ನಾಲ್ಕಾರು ತಿಂಗಳು ಊರು ಬಿಡುತ್ತಾನೆ, ಒಮ್ಮೊಮ್ಮೆ ಈಕೆಯನ್ನೂ ಕರೆದುಕೊಂಡು ಹೋಗುತ್ತಾನೆ. ಬೆಂಗಳೂರಿನ ಸ್ಟುಡಿಯೋ ಇಲ್ಲಿಂದ ಎಷ್ಟು ದೂರ ಎಂಬುದು ನನಗೆ ಗೊತ್ತು. ಸುಳ್ಳು ಆಸೆ ಹಚ್ಚಲು ಮನಸ್ಸಿಲ್ಲ, ಇರುವ ಆಸೆಯನ್ನು ಚಿವುಟಲೂ ಮನಸ್ಸಿಲ್ಲ. ಹಾಗಾಗಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸುದ್ದಿ ಓದುವ ಜಾಗದ ಪಕ್ಕದಲ್ಲೇ ಆಕೆಗೆ ಒಂದು ಕೆಲಸ ಕೊಟ್ಟೆ. ದಿನಕ್ಕೊಂದು ಪ್ರಶ್ನೆ, ನಿನ್ನ ಮಾತಿನಲ್ಲೇ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಅಷ್ಟರೊಳಗೆ ಉತ್ತರ ಹೇಳುವಂತಿಲ್ಲ, ಯಾರೂ ನಗುವಂತಿಲ್ಲ.

ಮೊದಲ ವಾರ ಆಕೆ ಬೆರಳು ಮಡಚಿ ಮಡಚಿ ಎಣಿಸಿದಳು. ಆರನೇ, ಏಳನೇ ತರಗತಿಯವರು ಎರಡಕ್ಕೇ ಉತ್ತರ ಒದರಿ ಮುಗಿಸುತ್ತಿದ್ದರು. ಆಮೇಲೆ ಆಕೆಯೇ ಒಂದು ಕಾಯ್ದೆ ಮಾಡಿದಳು: 'ದೊಡ್ಡವ್ರು ಕಡೀಗೆ.' ಒಂದು ದಿನ 'ಮುಂಜಾನಿ ನಮ್ಮ ನೆಳ್ಳು ಯಾಕ ಉದ್ದ ಇರ್ತೈತಿ?' ಎಂದು ಕೇಳಿ ನಿಂತಳು. ಸಾಲೆಲ್ಲ ಸುಮ್ಮನೆ. ಒಂದನೇ ತರಗತಿಯ, ಶಾಲೆಯಲ್ಲಿ ಅಷ್ಟಾಗಿ ಬಾಯಿಬಿಡದ ಒಬ್ಬ ಹುಡುಗ ತನ್ನ ನೆರಳನ್ನು ನೋಡಿದ, ಆಮೇಲೆ ತಿರುಗಿ ಹೊತ್ತನ್ನು ನೋಡಿದ. ಆಕೆಯ ಎಂಟನೇ ಬೆರಳು ಮಡಚಿತ್ತು. ಆಕೆ ಕೈ ಕೆಳಗಿಳಿಸಿ, 'ಸಾವಕಾಶ ಹೇಳಪಾ' ಅಂದಳು.

'ಹೊತ್ತು ಇನ್ನೂ ತೆಳಗ ಐತಿ' ಅಂದ ಅವನು.