ಅವರ ಜೋಕು, ನನ್ನ ಕಾವಲಿ (ಭಾಗ 6)

ಇವನ ಬುಕ್ ಕ್ಲಬ್ಬಲ್ಲಿ ಐದು ಜನ. ಎಲ್ಲರೂ ಒಂದೇ ಕಾಲೇಜು, ಒಂದೇ ಬ್ಯಾಚು. ತಿಂಗಳಿಗೊಂದು ಭಾನುವಾರ ಬೆಂಗಳೂರಲ್ಲಿ ಯಾರಾದರೊಬ್ಬರ ಮನೆಯಲ್ಲಿ ಸೇರ್ತಾರೆ. ಒಂದು ಪುಸ್ತಕ, ತಿನ್ನಲಿಕ್ಕೆ ಪ್ಯಾನ್‌ಕೇಕ್. ಪ್ಯಾನ್‌ಕೇಕೇ ಯಾಕೆ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿ ನಗ್ತಾರೆ. "ಅದು ಹೇಳಿದ್ರೆ ಗೊತ್ತಾಗಲ್ಲ ಬಿಡಿ" ಅಂತಾರೆ. ಅವರವರಲ್ಲೆಲ್ಲ 'ಲೋ', 'ಕಣೇ'. ನನಗೆ ಮಾತ್ರ 'ಬಿಡಿ'!

ಮೂರು ತಿಂಗಳಿಂದ ನಾನೂ ಹೋಗ್ತಾ ಇದ್ದೇನೆ. ಪುಸ್ತಕ ಓದಿಕೊಂಡು ಹೋಗುವುದು ಕಷ್ಟ ಅಲ್ಲ ಮಾರಾಯ್ರೆ. ಆ ನಗು ಕಷ್ಟ.

ಈ ಸಲ ಇವನ ಮನೆಯಲ್ಲಿ. ಪುಸ್ತಕ ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದ್ದು. ಮಾತು ನಡೆಸುವ ಸರದಿ ಇವನದ್ದು, ಹಾಗಾಗಿ ಒಲೆಯನ್ನು ನಾನೇ ಕೇಳಿ ತೆಗೊಂಡೆ. 1 ಕಪ್ ಮೈದಾ, 2 ಟೀ ಚಮಚ ಬೇಕಿಂಗ್ ಪೌಡರ್, ಸ್ವಲ್ಪ ಸಕ್ಕರೆ, ಚಿಟಿಕೆ ಉಪ್ಪು, 1 ಮೊಟ್ಟೆ, ಮುಕ್ಕಾಲು ಕಪ್ ಹಾಲು, ಕರಗಿಸಿದ ಬೆಣ್ಣೆ. ನೀರುದೋಸೆ ಹೊಯ್ದು ಬೆಳೆದ ಕೈಗೆ ಇದು ವಿಚಿತ್ರ. ಅಲ್ಲಿ ಹಿಟ್ಟು ನೀರಿನ ಹಾಗೆ ಇರಬೇಕು, ಮಗುಚುವ ಹಾಗಿಲ್ಲ. ಇಲ್ಲಿ ಹಿಟ್ಟು ದಪ್ಪ, ಮಗುಚಲೇಬೇಕು. ಗಂಟು ಹೋಗಲಿ ಅಂತ ಜಾಸ್ತಿ ಕಲಸಿದರೆ ಮೈದಾ ಜಿಗುಟಾಗಿ ಪ್ಯಾನ್‌ಕೇಕ್ ರಬ್ಬರಾಗ್ತದೆ. ಸಣ್ಣ ಗಂಟುಗಳನ್ನು ಹಾಗೇ ಬಿಡಬೇಕು. ಮೇಲೆ ಗುಳ್ಳೆ ಬಂದು ಒಡೆದು, ತೂತು ಮುಚ್ಚದೆ ಉಳಿದಾಗ ಮಗುಚಬೇಕು. (ಫೋಟೋದಲ್ಲಿ ಕರ್ನಾಟಕದ ನಕ್ಷೆಯ ಹಾಗಿರುವುದು ಮೊದಲನೆಯದ್ದು. ಕಾವಲಿ ಇನ್ನೂ ಸರಿ ಕಾದಿರಲಿಲ್ಲ.)

ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿಲ್ಲ. ಬೆನ್ನ ಹಿಂದೆ ಮಾತು ಕೇಳ್ತಾ ಇತ್ತು. ಕಥೆಯ ಆ ಕುಟುಂಬಕ್ಕೆ ದಿಢೀರ್ ದುಡ್ಡು ಬಂದಿದೆ, ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾರೆ. ಅನಿತಾ ಆ ಮನೆಗೆ ಸೊಸೆಯಾಗಿ ಬರ್ತಾಳೆ, ಪ್ರಶ್ನೆ ಕೇಳ್ತಾಳೆ. "ಅವಳು ಸ್ವಲ್ಪ ಓವರ್ ಕಣೋ, ಅಡ್ಜಸ್ಟ್ ಮಾಡ್ಕೋಬಹುದಿತ್ತು" ಅಂದಳು ಒಬ್ಬಳು. ಇಬ್ಬರು ಹೌದು ಅಂದರು. ಇವನು ಸುಮ್ಮನಿದ್ದ.

ಸಟ್ಟುಗ ಕೈಯಲ್ಲೇ ಇತ್ತು, ನಾನು ತಿರುಗಲಿಲ್ಲ. "ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯವರು ಬೈದು ಓಡಿಸಿದಾಗ ಅದು ತಪ್ಪು ಅಂದವಳು ಅವಳೊಬ್ಬಳೇ. ಅದು ತಪ್ಪು ಅಂತ ಕಾಣಲಿಕ್ಕೆ ಹೊರಗಿನಿಂದಲೇ ಬರಬೇಕಿತ್ತೋ ಏನೋ. ಮತ್ತೆ, 'ಘಾಚರ್ ಘೋಚರ್' ಅನ್ನೋದು ಅವಳ ತವರಿನವರು ಕಟ್ಟಿದ ಪದ. ಅದರ ಅರ್ಥವನ್ನು ಗಂಡನಿಗೆ ಅವಳು ಹೇಳಿಕೊಟ್ಟಳು. ಈ ಮನೆಯವರು ಅವಳಿಗೆ ಏನು ಹೇಳಿಕೊಟ್ಟರು?"

ಕಾವಲಿಯ ಚುಯ್ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ ಅದೇ ಹುಡುಗಿ "ಆ ಪುಟ ಎಲ್ಲಿದೆ?" ಅಂತ ಪುಸ್ತಕ ಎತ್ತಿಕೊಂಡಳು. ಮುಕ್ಕಾಲು ಗಂಟೆ ಜಗಳ. ಒಳ್ಳೇ ಜಗಳ. ಅವಳು ಕೊನೆಗೂ ಒಪ್ಪಲಿಲ್ಲ, ಆದರೆ "ಹೇ, ನೀನು ಹೇಳೋದು ಹಾಗಲ್ಲ ಕಣೇ" ಅಂತ ವಾದ ಮಾಡಿದಳು. ಕಣೇ!

ಎಲ್ಲರೂ ಹೋದ ಮೇಲೆ ಇವನು ಪಾತ್ರೆ ತೊಳೀತಾ ಕೇಳಿದ, "ನಾವೂ ಆ ಮನೆಯವರ ಥರ ಕಾಣ್ತೀವಾ ನಿಂಗೆ?"

"ಕೆಲವೊಮ್ಮೆ" ಅಂದೆ.

ತುಂಬಾ ಹೊತ್ತು ಒಂದೇ ತಟ್ಟೆ ಉಜ್ಜಿದ. ಆಮೇಲೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಪ್ಯಾನ್‌ಕೇಕ್ ಜೋಕನ್ನು ಮೊದಲಿಂದ ಕೊನೆವರೆಗೆ ಹೇಳಿದ. ಸತ್ಯ ಹೇಳ್ತೇನೆ, ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಮಾರಾಯ್ರೆ.