ಕೊನೆಯ ಗುಂಡಿ

ಅಂಗಿ ತೊಡುವುದೂ ಒಂದು ಕೆಲಸವೆಂದು ಯಾರಾದರೂ ಎಣಿಸುವರೇ? ವಾಡಿಯಲ್ಲಿ ರೈಲು ಹಿಡಿಯುವ ಅವಸರದಲ್ಲಿ, ಚಿಂಚೋಳಿಯ ಬಸ್ಸು ತಪ್ಪೀತೆಂಬ ಗಾಬರಿಯಲ್ಲಿ, ನಮ್ಮ ಬೆರಳುಗಳು ನಮ್ಮನ್ನು ಕೇಳದೆಯೇ ಗುಂಡಿ ಹಾಕಿ ಮುಗಿಸಿರುತ್ತವೆ. ಬಿಡಿಸಿ ನೋಡಿದರೆ ಆ ಕೆಲಸಕ್ಕೆ ಎಷ್ಟು ಮೆಟ್ಟಿಲುಗಳು! ಅಂಗಿಯ ಹಿಂದುಮುಂದು ಅರಿಯಬೇಕು. ಒಂದು ತೋಳು ತೂರಿಸಿ ಇನ್ನೊಂದನ್ನು ಬೆನ್ನ ಹಿಂದೆ ಹುಡುಕಬೇಕು. ಅಂಚುಗಳನ್ನು ಸರಿಹೊಂದಿಸಿ, ಗುಂಡಿಯನ್ನು ಓರೆಯಾಗಿ ಹಿಡಿದು, ಕಾಜದೊಳಗೆ ಅರ್ಧ ತಳ್ಳಿ, ಇನ್ನೊಂದು ಕೈಯಿಂದ ಎಳೆಯಬೇಕು. ಹೀಗೆ ಆರು ಸಲ.

ಈ ಲೆಕ್ಕವನ್ನು ನನಗೆ ಕಲಿಸಿದವನು ಶಹಾಬಾದಿನಲ್ಲಿರುವ ನನ್ನ ಸೋದರತ್ತೆಯ ಮಗ. ಹದಿನಾಲ್ಕು ವರ್ಷದ ಹುಡುಗ. ಬುದ್ಧಿಯ ಬೆಳವಣಿಗೆ ನಿಧಾನ. ಗುಂಡಿಯೊಡನೆ ಎರಡು ಸಲ ಹೆಣಗಿ, "ನನಗ ಬರಲ್ಲ" ಎಂದು ಅಂಗಿಯನ್ನೇ ಕಿತ್ತೆಸೆಯುತ್ತಿದ್ದ. ನೆರೆಹೊರೆಯವರು ಅದಕ್ಕಿಟ್ಟ ಹೆಸರು ಮೊಂಡುತನ. ಅತ್ತೆ ನಿಟ್ಟುಸಿರಿಟ್ಟು ತಾನೇ ತೊಡಿಸುತ್ತಿದ್ದಳು.

ಅದು ಮೊಂಡುತನವೇ? 1967ರಲ್ಲಿ ಅಮೆರಿಕೆಯ ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಏನು ಮಾಡಿದರೂ ವಿದ್ಯುತ್ತಿನ ಆಘಾತವನ್ನು ತಪ್ಪಿಸಿಕೊಳ್ಳಲಾರದೆ ಹೋದ ನಾಯಿಗಳಲ್ಲಿ ಅನೇಕವು, ಮುಂದೆ ಚಿಕ್ಕದೊಂದು ತಡೆಯನ್ನು ಹಾರಿದರೆ ಸಾಕೆಂಬ ಸ್ಥಿತಿಯಲ್ಲಿಯೂ ಹಾರದೆ ಬಿದ್ದುಕೊಂಡವು. ಕೊನೆಗೆ ಅವುಗಳನ್ನು ಮತ್ತೆ ಮತ್ತೆ ಹಗ್ಗ ಹಿಡಿದು ಆಚೆಗೆ ಎಳೆದು ದಾಟಿಸಿದ ಮೇಲೆಯೇ ಅವು ತಾವಾಗಿ ದಾಟಲು ಕಲಿತವು. ಯಾವ ಕೆಲಸದ ಕೊನೆಯನ್ನೂ ಕಾಣದವನು ಕೈಚೆಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಸೋಲೇ ಅವನು ಕಲಿತ ಪಾಠ.

ಆ ಹುಡುಗನಿಗೆ ಪಾಠ ಹೇಳಲು ಮನೆಗೇ ಬರುತ್ತಿದ್ದ ಅಕ್ಕೋರು ಈ ಗಂಟನ್ನು ಬಿಚ್ಚಿದ ಬಗೆ ಸರಳ. ಶಹಾಬಾದಿ ಕಲ್ಲು ಪದರು ಪದರಾಗಿ ಏಳುವಂತೆ, ಕೆಲಸವನ್ನು ಪದರು ಪದರಾಗಿ ಬಿಡಿಸಿದರು; ಆದರೆ ಕಲಿಸತೊಡಗಿದ್ದು ಕೊನೆಯ ಪದರಿನಿಂದ. ಐದು ಗುಂಡಿಗಳನ್ನು ಅತ್ತೆಯೇ ಹಾಕಬೇಕು. ಆರನೆಯದನ್ನೂ ಅರ್ಧ ತೂರಿಸಿ ಬಿಡಬೇಕು. ಹುಡುಗ ಎಳೆಯುವುದಷ್ಟೆ. ಎಳೆದೊಡನೆ ಅಂಗಿ ತೊಟ್ಟಾಯಿತು! ಮುಗಿಸಿದವನು ಅವನೇ. ಅದು ಕೈಗೆ ಹತ್ತಿದ ಮೇಲೆ ಆರನೆಯ ಗುಂಡಿ ಪೂರ್ತಿ ಅವನದು, ಆಮೇಲೆ ಐದನೆಯದು. ಪ್ರತಿದಿನವೂ ಗೆಲುವಿನಲ್ಲಿಯೇ ಪಾಠ ಮುಗಿಯಬೇಕು. ಅಂಗಿ ಸಡಿಲವಾಗಿರಬೇಕು, ಗುಂಡಿ ದೊಡ್ಡದಿರಬೇಕು, ಎಲ್ಲರೂ ಒಂದೇ ಕ್ರಮದಲ್ಲಿ ಹೇಳಿಕೊಡಬೇಕು. ಅವನು ತಡವರಿಸಿದಾಗ ಮನಸ್ಸಿನಲ್ಲಿ ಹತ್ತು ಎಣಿಸಿದ ಮೇಲೆಯೇ ಕೈ ಚಾಚಬೇಕು.

ಈ ಹತ್ತು ಎಣಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. "ಪಾಪ, ಕೂಸು ಎಷ್ಟೊತ್ತ ಒದ್ದಾಡ್ತದ, ಹಾಕಿಬಿಡವ್ವಾ" ಎಂದು ಅಜ್ಜಿಯ ಕರುಳು ಕೂಗುತ್ತಿತ್ತು. ಅಕ್ಕೋರು ನಕ್ಕು, "ಅಮ್ಮಾ, ನೀವು ಹಾಕಿದ ಗುಂಡಿ ಅವನಿಗೆ ಬಂದಂಗಾಗಲ್ಲ" ಎಂದರು. ಕನಿಕರವೂ ಒಮ್ಮೊಮ್ಮೆ ಕಸಿದುಕೊಳ್ಳುತ್ತದೆಂದು ನನಗೆ ಅಂದು ಹೊಳೆಯಿತು. ಆರು ಗುಂಡಿಗೆ ಮೂರು ತಿಂಗಳು ಹಿಡಿಯಿತು. ಈಗ ಅವನ ಪಾಠ ಒಲೆಯ ಮುಂದೆ ಸಾಗಿದೆ: ಬಿಸಿನೀರಿನಲ್ಲಿ ಹಿಟ್ಟು ನಾದುವುದೂ ಬಡಿಯುವುದೂ ಅತ್ತೆಯ ಪಾಲು, ಬೆಂದ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಬುಟ್ಟಿಗೆ ಹಾಕುವುದು ಅವನ ಪಾಲು.

ಈ ವಿದ್ಯೆ ನಮಗೆ ದೂರದ್ದಲ್ಲ. ಬೌದ್ಧಿಕ ವಿಕಲತೆಯುಳ್ಳವರಿಗಾಗಿ 1984ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯಿರುವುದು ಸಿಕಂದರಾಬಾದಿನಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹೋಗುವ ರೈಲುದಾರಿಯ ತುದಿಯಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೆಚ್ಚಿನ ವಿಕಲತೆಯುಳ್ಳ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ ಹದಿನೆಂಟು ತುಂಬಿದ ಮರುದಿನವೂ ಮೈ ತೊಳೆಯಬೇಕು, ಅನ್ನ ಕಲಸಬೇಕು, ಅಂಗಿ ತೊಡಬೇಕು. "ನಾನು ಹೋದ ಮ್ಯಾಲ ಇವಗ ಯಾರು?" ಎಂಬ ಅತ್ತೆಯ ಪ್ರಶ್ನೆಗೆ ಯಾವ ಕಾಯಿದೆಯೂ ಪೂರ್ಣ ಉತ್ತರ ಕೊಡಲಾರದು. ಅವನೇ ತೊಡುವ ಅಂಗಿ, ಅವನೇ ತೆಗೆಯುವ ರೊಟ್ಟಿ ಆ ಉತ್ತರದ ಒಂದೊಂದು ಅಕ್ಷರ.

ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ನಮ್ಮ ಓಣಿಗಳ ಕಟ್ಟೆಯ ಮೇಲೆ ದಿನವಿಡೀ ಸುಮ್ಮನೆ ಕುಳಿತಿರುವ ಮಕ್ಕಳಿದ್ದಾರೆ. ಅವರಿಗೆ ಏನೇನು ಬರುವುದಿಲ್ಲವೆಂದು ಪಟ್ಟಿ ಮಾಡುವುದು ಸುಲಭ. ಇವತ್ತು ಯಾವ ಕೆಲಸದ ಕೊನೆಯ ಮೆಟ್ಟಿಲನ್ನು ಅವರಿಗೆ ಬಿಟ್ಟುಕೊಡಬಹುದೆಂದು ಯೋಚಿಸೋಣ.